ಕಡ್ಡಿ ಕೆಳಗಿಟ್ಟ ಮೇಲೆ

ನಮ್ಮ ಮನೆ ಬೆಂಗಳೂರಿನ ಟಿನ್ ಫ್ಯಾಕ್ಟರಿಯ ಹಿಂದಿನ ಗಲ್ಲಿಯಲ್ಲಿದೆ. ನಾನು ಹೆಣೆದ ಮೊದಲ ಸ್ವೆಟರನ್ನು ಒಗೆದು, ನೀರು ಸೋರುತ್ತಿದ್ದಂತೆಯೇ ತಾರಸಿಯ ಹಗ್ಗಕ್ಕೆ ನೇತುಹಾಕಿದ್ದೆ. ಸಂಜೆ ಹೋಗಿ ನೋಡಿದರೆ ತೋಳುಗಳು ಮೊಣಕಾಲು ಮುಟ್ಟುವಷ್ಟು ಜೋತುಬಿದ್ದಿದ್ದವು. ಬಿಳಿ ಬಾರ್ಡರಿನ ಮೇಲೆ ಹಳೇ ಮದ್ರಾಸ್ ರಸ್ತೆಯ ಧೂಳು ತೆಳುವಾಗಿ ಕೂತಿತ್ತು. ಎರಡು ತಿಂಗಳ ಹೆಣಿಗೆ ಒಂದೇ ಮಧ್ಯಾಹ್ನದಲ್ಲಿ ಹಾಳಾಯಿತು. ಕೊನೆಯ ಕುಣಿಕೆ ಮುಚ್ಚಿದರೆ ಸ್ವೆಟರ್ ಆಯಿತು ಅಂದುಕೊಂಡಿದ್ದೆ. ಅದರ ಆಮೇಲೂ ಒಂದು ಕೆಲಸವಿದೆ, ಅದಕ್ಕೆ ಹೆಣೆಯುವವರು ‘ಬ್ಲಾಕಿಂಗ್’ ಅನ್ನುತ್ತಾರೆ. ಹೆಣೆದದ್ದನ್ನು ನೆನೆಸಿ ಅಥವಾ ಹಬೆ ಕೊಟ್ಟು, ಬೇಕಾದ ಅಳತೆಗೆ ಹರಡಿ, ಹಾಗೇ ಒಣಗಲು ಬಿಡುವುದು.

ಮೊದಲು ದಾರ ಯಾವುದು ನೋಡಿ

ನಾವು ‘ಉಲ್ಲನ್’ ಅಂತ ಕೇಳಿ ತರುವ ದಾರದಲ್ಲಿ ಬಹುಪಾಲು ಉಲ್ಲನ್ನೇ ಅಲ್ಲ, ಅಕ್ರಿಲಿಕ್. ದಾರ ತರಲು ಈಗ ಬೆನ್ನಿಗಾನಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ನೇರ ಎಂ.ಜಿ. ರಸ್ತೆ, ಅಲ್ಲಿಂದ ಕಮರ್ಷಿಯಲ್ ಸ್ಟ್ರೀಟ್ ದೂರವಿಲ್ಲ. ದಾರ ಕೊಳ್ಳುವಾಗಲೇ ಲೇಬಲ್ ಓದಿ. ಲೇಬಲ್ ಕಳೆದುಹೋಗಿದ್ದರೆ ಒಂದಿಂಚು ದಾರವನ್ನು ಚಿಮಟದಲ್ಲಿ ಹಿಡಿದು ಸಿಂಕಿನ ಮೇಲೆ ಬೆಂಕಿಕಡ್ಡಿ ತೋರಿಸಿ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಕರಿಮಣಿಯಾಗುತ್ತದೆ. ಆ ಮಣಿ ಬಿಸಿ ಇರುತ್ತದೆ, ಆರುವವರೆಗೆ ಮುಟ್ಟಬೇಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಕ್ರಿಲಿಕ್ ಕಾರ್ಡಿಗನ್ ಒಂದನ್ನು ಬೀದಿಯ ಇಸ್ತ್ರಿ ಗಾಡಿಗೆ ಕೊಟ್ಟಿದ್ದೆ. “ಅಕ್ಕಾ, ಇದು ಉಲ್ಲನ್ನಾ?” ಅಂತ ಅವರು ಕೇಳಿದರು, ನಾನು ಹೂಂ ಅಂದೆ. ವಾಪಸ್ ಬಂದಾಗ ಜಡೆಯಂಥ ಕೇಬಲ್ ವಿನ್ಯಾಸವೆಲ್ಲ ಚಪ್ಪಟೆಯಾಗಿ, ಬಟ್ಟೆ ಜೋಲುಮುಖ ಹಾಕಿಕೊಂಡು ಮಿರಮಿರ ಹೊಳೆಯುತ್ತಿತ್ತು. ಕೇಳಿದವರ ತಪ್ಪಲ್ಲ, ಉತ್ತರ ಕೊಟ್ಟ ನನ್ನದು. ಬಿಸಿ ತಗುಲಿ ಸತ್ತ ಅಕ್ರಿಲಿಕ್ ಮತ್ತೆ ಪುಟಿಯುವುದಿಲ್ಲ.

ಉಣ್ಣೆಯಾದರೆ ನೀರು

ಉಣ್ಣೆಯೂ ನಮ್ಮ ಕೂದಲಿನ ಹಾಗೆ ಕೆರಾಟಿನ್. ಒದ್ದೆ ತಲೆಯಲ್ಲಿ ಮಲಗಿ ಎದ್ದರೆ ಕೂದಲು ಸೊಟ್ಟಗೆ ನಿಲ್ಲುವುದಿಲ್ಲವೇ, ಅದೇ ಗುಣ ಇಲ್ಲಿ ನಮಗೆ ಅನುಕೂಲ. ನೆನೆದಾಗ ಎಳೆ ಸಡಿಲವಾಗುತ್ತದೆ, ಒಣಗುವಾಗ ಯಾವ ಆಕಾರದಲ್ಲಿ ಇಟ್ಟಿರುತ್ತೀರೋ ಅದನ್ನೇ ಹಿಡಿದುಕೊಳ್ಳುತ್ತದೆ.

ಹಿಂಭಾಗ, ಮುಂಭಾಗ, ತೋಳುಗಳನ್ನು ಬೇರೆ ಬೇರೆ ಹೆಣೆದಿದ್ದರೆ ಜೋಡಿಸುವ ಮೊದಲೇ ಬ್ಲಾಕ್ ಮಾಡಿ. ಸುರುಳಿಯಾಗುವ ಅಂಚುಗಳು ನೆಟ್ಟಗಾಗಿ ಹೊಲಿಗೆ ಸಲೀಸಾಗುತ್ತದೆ. ಬಕೆಟ್ಟಿನಲ್ಲಿ ಕೈಗೆ ಬೆಚ್ಚಗೆ ಅನ್ನಿಸದಷ್ಟು ತಣ್ಣನೆಯ ನೀರು, ಅದಕ್ಕೆ ಒಂದು ಮುಚ್ಚಳ ಈಝಿಯಂಥ ಉಣ್ಣೆ ಒಗೆಯುವ ದ್ರವ. ಇಪ್ಪತ್ತು ನಿಮಿಷ ಮುಳುಗಿಸಿಡಿ. ಉಜ್ಜಬೇಡಿ, ಕುಕ್ಕಬೇಡಿ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಉಣ್ಣೆ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಗೊಂಬೆಯ ಅಂಗಿಯಾಗುತ್ತದೆ. ಕೆಂಪು, ಕಡು ನೀಲಿ ಬಣ್ಣವಿದ್ದರೆ ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಮೂಲೆಗೊತ್ತಿ ಬಣ್ಣ ಬಿಡುತ್ತದೆಯೇ ನೋಡಿ.

ಎತ್ತುವಾಗ ಎರಡೂ ಅಂಗೈ ಅಡಿಗೆ ಕೊಟ್ಟು, ಮಗುವನ್ನು ಸ್ನಾನದಿಂದ ಎತ್ತಿದ ಹಾಗೆ ಎತ್ತಿ. ಹಿಂಡಬೇಡಿ. ದಪ್ಪ ಟವೆಲ್ ಮೇಲೆ ಹರಡಿ, ಚಾಪೆ ಸುತ್ತಿದಂತೆ ಸುತ್ತಿ, ಮೇಲೆ ನಿಂತು ತುಳಿಯಿರಿ. ಟವೆಲ್ ತೊಯ್ದರೆ ಇನ್ನೊಂದರಲ್ಲಿ ಮತ್ತೊಮ್ಮೆ.

ಇನ್ನು ಹರಡುವುದು. ಮಕ್ಕಳು ಆಡುವ, ಒಂದಕ್ಕೊಂದು ಕೂರಿಸುವ ಫೋಮ್ ಚೌಕಗಳು ಇದಕ್ಕೆಂದೇ ಮಾಡಿದಂತಿವೆ. ಟೇಪು ಹಿಡಿದು ಎದೆ, ಉದ್ದ, ತೋಳಿನ ಅಳತೆ ನೋಡುತ್ತ ಅಂಗೈಯಿಂದ ತಟ್ಟಿ ತಟ್ಟಿ ಸರಿಸಿ. ತುಕ್ಕು ಹಿಡಿಯದ ಸ್ಟೀಲಿನ ಗುಂಡುಸೂಜಿಯನ್ನೇ ಚುಚ್ಚಬೇಕು. ತುಕ್ಕಿನ ಕಲೆ ಹೋಗುವುದು ಕಷ್ಟ. ಸೊಂಟ ಮತ್ತು ಮಣಿಕಟ್ಟಿನ ಹಿಗ್ಗಿ ಕುಗ್ಗುವ ಪಟ್ಟಿಯನ್ನು, ಅಂದರೆ ರಿಬ್ಬನ್ನು, ಮಾತ್ರ ಎಳೆಯಬೇಡಿ, ಒತ್ತಾಗಿ ಸೇರಿಸಿಡಿ. ಅಲ್ಲಿ ಎಳೆದರೆ ಬಿಗಿತ ಹೋಗಿ ಲಂಗದ ಅಂಚಿನಂತಾಗುತ್ತದೆ.

ಎಳೆದು ದೊಡ್ಡದು ಮಾಡಬಹುದು ಅನ್ನುವ ಭರವಸೆ ಬೇಡ. ನಾಲ್ಕು ಇಂಚಿಗೆ 20 ಕುಣಿಕೆ ಲೆಕ್ಕದಲ್ಲಿ 180 ಕುಣಿಕೆ ಹಾಕಿದರೆ ಎದೆ 36 ಇಂಚು. ನೆನೆದ ಮೇಲೆ ಅದೇ ನಾಲ್ಕು ಇಂಚಿಗೆ 19 ಕುಣಿಕೆಯಾದರೆ ಎದೆ 38ರ ಹತ್ತಿರ ಹೋಗುತ್ತದೆ. ಆದ್ದರಿಂದ ಶುರುವಿನಲ್ಲೇ ಅಂಗೈಯಗಲದ ಒಂದು ತುಂಡು ಹೆಣೆದು, ಅದನ್ನೂ ಒಗೆದು ಒಣಗಿಸಿ ಎಣಿಸಿ. ಮೆಷೀನಿಗೆ ಹಾಕಬಹುದು ಎಂದು ಲೇಬಲ್ ಇರುವ ಮೆರಿನೊ ನೀರಿನಲ್ಲಿ ಇನ್ನೂ ಹೆಚ್ಚು ಹಿಗ್ಗುತ್ತದೆ.

ಗಂಜಿ ಹಾಕಲೇ ಅಂತ ಪಕ್ಕದ ಮನೆಯವರು ಒಮ್ಮೆ ಕೇಳಿದರು. ಕಂಬಳಿ ನೇಯುವವರು ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಸವರಿ ಬಿರುಸು ಮಾಡುವುದನ್ನು ಅವರು ನೋಡಿದ್ದರು. ಅದು ಮಗ್ಗದ ನೂಲಿಗೆ ಸರಿ, ಕತ್ತಿಗೆ ತಾಗುವ ಸ್ವೆಟರಿಗೆ ಬೇಡ.

ನಮ್ಮ ಕಡೆ ಒಣಗಿಸುವುದೇ ದೊಡ್ಡ ಪಾಡು. ತಾರಸಿಯಲ್ಲಿ ರಿಂಗ್ ರಸ್ತೆಯ ಧೂಳು, ಬಿಸಿಲಿಗೆ ಬಣ್ಣ ಹೋಗುವ ಭಯ. ಸೂಜಿ ಚುಚ್ಚದ ತುಂಡುಗಳನ್ನು ನಾನು ಕೋಣೆಯೊಳಗೆ ನವಾರಿನ ಮಂಚದ ಮೇಲೆ ಸೊಳ್ಳೆಪರದೆ ಹಾಸಿ ಅದರ ಮೇಲೆ ಹರಡುತ್ತೇನೆ. ಕೆಳಗಿನಿಂದಲೂ ಗಾಳಿ ಆಡುತ್ತದೆ. ಮಾರ್ಚ್ ತಿಂಗಳಲ್ಲಿ ರಾತ್ರಿ ಕಳೆದರೆ ಸಾಕು, ಜುಲೈಯಲ್ಲಿ ಫ್ಯಾನ್ ಹಾಕಿದರೂ ಎರಡು ದಿನ. ಕಂಕುಳ ಭಾಗ ಕೊನೆಗೆ ಒಣಗುವುದು, ಅಲ್ಲಿ ಕೆನ್ನೆಯಿಟ್ಟು ನೋಡಿ. ತಣ್ಣಗಿದ್ದರೆ ಇನ್ನೂ ಎತ್ತಬೇಡಿ, ಸೂಜಿ ಇದ್ದರೆ ಕೀಳಬೇಡಿ.

ಅಕ್ರಿಲಿಕ್ ಆದರೆ ಹಬೆ

ನೀರಿಗೆ ಅಕ್ರಿಲಿಕ್ ಅಷ್ಟಾಗಿ ಜಗ್ಗುವುದಿಲ್ಲ. ಒಣಗಿದ ತುಂಡನ್ನು ಅಳತೆಗೆ ಚುಚ್ಚಿ, ಸ್ಟೀಮ್ ಇಸ್ತ್ರಿಪೆಟ್ಟಿಗೆಯನ್ನು ಒಂದಿಂಚು ಮೇಲೆ ಹಿಡಿದು ಹಬೆಯನ್ನಷ್ಟೇ ಬಿಡಿ. ತಾಗಿಸಬೇಡಿ. ಪೂರ್ತಿ ತಣ್ಣಗಾಗುವವರೆಗೆ ಅಲುಗಿಸಬೇಡಿ. ಮೊದಲು ಮಾದರಿ ತುಂಡಿನ ಮೇಲೆ ಪ್ರಯೋಗಿಸಿ ಧೈರ್ಯ ತಂದುಕೊಳ್ಳಿ.

ಜೋಡಣೆ

ಭುಜ ಮೊದಲು, ಆಮೇಲೆ ತೋಳಿನ ತಲೆ, ಕಡೆಗೆ ಮಣಿಕಟ್ಟಿನಿಂದ ಕಂಕುಳ ಹಾದು ಸೊಂಟದವರೆಗೆ ಒಂದೇ ಹೊಲಿಗೆ. ಮೊಂಡು ತುದಿಯ ದಪ್ಪ ಸೂಜಿ ಬೇಕು. ಸೀದಾ ಮುಖ ಮೇಲಿಟ್ಟು ಎರಡು ಅಂಚನ್ನು ಪಕ್ಕಪಕ್ಕ ಇಡಿ. ಅಂಚಿನ ಕುಣಿಕೆ ಮತ್ತು ಅದರ ಪಕ್ಕದ ಕುಣಿಕೆಯನ್ನು ತುಸು ಅಗಲಿಸಿದರೆ ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡ ದಾರಗಳು ಕಾಣುತ್ತವೆ. ಎಡದ ಒಂದು ಮೆಟ್ಟಿಲು, ಬಲದ ಒಂದು ಮೆಟ್ಟಿಲು ಎತ್ತುತ್ತ ಹೋಗಿ, ಐದಾರು ಆದ ಮೇಲೆ ದಾರ ಮೆಲ್ಲಗೆ ಎಳೆಯಿರಿ. ಹೊಲಿಗೆ ಮಾಯವಾಗುತ್ತದೆ. ಈ ಕ್ಷಣಕ್ಕಾಗಿಯೇ ನಾನು ಸ್ವೆಟರ್ ಹೆಣೆಯುವುದೇನೋ.

ಉಳಿದ ದಾರದ ಬಾಲಗಳನ್ನು ಒಳಮುಖದಲ್ಲಿ ಎರಡಿಂಚು ಒಂದು ಕಡೆ, ಒಂದಿಂಚು ಹಿಂದಕ್ಕೆ ಸೇರಿಸಿ ಕತ್ತರಿಸಿ. ಗಂಟು ಹಾಕಬೇಡಿ. ಗುಂಡಿ ಹೊಲಿಯುವುದು ಎಲ್ಲಕ್ಕಿಂತ ಕೊನೆಗೆ. ಉಳಿದ ದಾರದಲ್ಲಿ ಒಂದೆರಡು ಗಜ, ಒಂದು ಹೆಚ್ಚುವರಿ ಗುಂಡಿ ಮತ್ತು ಒಗೆದ ಮಾದರಿ ತುಂಡನ್ನು ಪೊಟ್ಟಣ ಕಟ್ಟಿಡಿ. ಸ್ವೆಟರನ್ನು ಹ್ಯಾಂಗರಿಗೆ ಹಾಕದೆ ಮಡಚಿ, ಒಣಗಿದ ಬೇವಿನೆಲೆಯ ಚೀಲದ ಪಕ್ಕ ಇಡಿ.