ಸೂತ್ರವಿಲ್ಲದೆ ಕ್ಯೂಬ್: ಕೆಲವು ಪಾಠಗಳು

1. ಬಣ್ಣ ಬಿಡಿ, ತುಂಡು ನೋಡಿ. ರೂಬಿಕ್ ಕ್ಯೂಬ್‌ನಲ್ಲಿ ಜಾಗ ಬದಲಿಸುವುದು ಎಂಟು ಮೂಲೆ, ಹನ್ನೆರಡು ಅಂಚು, ಅಷ್ಟೇ. ಮುಖಗಳ ನಡುವಿನ ಆರು ತುಂಡುಗಳು ಕೂತಲ್ಲೇ ಸುತ್ತುತ್ತವೆ. ಯಾವ ಮುಖ ಯಾವ ಬಣ್ಣದ್ದೆಂದು ಹೇಳುವುದು ಅವೇ. ‘ಒಂದು ಮುಖ ಮಾಡಿದೆ’ ಎಂದು ಮಕ್ಕಳು ತಂದು ತೋರಿಸಿದರೆ ನಾನು ಮೊದಲು ನೋಡುವುದು ಅದರ ಪಕ್ಕದ ಸಾಲುಗಳನ್ನು. ಅವು ಹೊಂದದಿದ್ದರೆ ಆ ಮುಖ ಆಗಿಲ್ಲ.

2. ಕೆಡಿಸದೆ ಸರಿಪಡಿಸುವ ಉಪಾಯ ಒಂದೇ, ಅದನ್ನು ಚೆನ್ನಾಗಿ ಅರೆದು ಕುಡಿಯಿರಿ. ಮೇಲಿನ ಪದರದಲ್ಲಿ ಒಂದೇ ಒಂದು ಮೂಲೆ ಬದಲಾಗುವಂತೆ ಮೂರು ತಿರುವು ಹಾಕಿ: ಬಲಬದಿ ಕೆಳಕ್ಕೆ, ತಳದ ಮುಂಸಾಲು ಎಡಕ್ಕೆ, ಬಲಬದಿ ಮೇಲಕ್ಕೆ. ಕೆಳಗೆಲ್ಲ ಕಲಸಿಹೋಗುತ್ತದೆ, ಹೆದರಬೇಡಿ. ಈಗ ಮೇಲಿನ ಪದರವನ್ನು ಕಾಲು ಸುತ್ತು ತಿರುಗಿಸಿ. ಆ ಮೂರು ತಿರುವುಗಳನ್ನು ಕೊನೆಯಿಂದ ಮೊದಲಿಗೆ ಹಿಮ್ಮುಖವಾಗಿ ಬಿಚ್ಚಿ, ಮೇಲಿನ ಪದರವನ್ನೂ ಹಿಂದಕ್ಕೆ ತನ್ನಿ. ಒಟ್ಟು ಎಂಟು ತಿರುವು. ಮೂರು ಮೂಲೆಗಳು ಜಾಗ ಬದಲಿಸಿರುತ್ತವೆ, ಉಳಿದ ಹದಿನೇಳು ತುಂಡು ಇದ್ದಲ್ಲೇ ಇರುತ್ತವೆ. ಗಣಿತದವರು ಇದನ್ನು ಕಮ್ಯುಟೇಟರ್ ಎನ್ನುತ್ತಾರೆ. ಏಕೆ ಹೀಗಾಯಿತೆಂದು ಹೊಳೆಯುವವರೆಗೆ ಮುಂದಿನ ಪಾಠಕ್ಕೆ ಹೋಗಬೇಡಿ.

3. ಬೇಕಾದ ತುಂಡು ದೂರದಲ್ಲಿದ್ದರೆ ಹತ್ತಿರ ತಂದು, ಕೆಲಸ ಮುಗಿಸಿ, ತಂದ ದಾರಿಯಲ್ಲೇ ಹಿಂದಿರುಗಿ.

4. ಎರಡು ಮೂಲೆ ಮಾತ್ರ ಅದಲುಬದಲಾಗಿ ಉಳಿಯುವುದು ಸಾಧ್ಯವಿಲ್ಲ. ಪ್ರತಿ ಕಾಲು ಸುತ್ತು ನಾಲ್ಕು ಮೂಲೆಗಳನ್ನೂ ನಾಲ್ಕು ಅಂಚುಗಳನ್ನೂ ಒಟ್ಟಿಗೆ ಸರಿಸುವುದರಿಂದ ಎರಡು ಮೂಲೆ ಅದಲುಬದಲಾಗಿದ್ದರೆ ಅಂಚುಗಳಲ್ಲೂ ತಪ್ಪಿರಲೇಬೇಕು. ಮೇಲಿನ ಪದರ ಕಾಲು ಸುತ್ತು ತಿರುಗಿಸಿ, ಆಮೇಲೆ ಮೂರು ಮೂರಾಗಿ ಸರಿಪಡಿಸಿ. ಒಂದೇ ಮೂಲೆ ತಿರುಚಿಕೊಂಡು ನಿಂತಿದೆಯೇ? ಮನೆಯಲ್ಲಿ ಯಾರೋ ಅದನ್ನು ಬಲವಂತವಾಗಿ ತಿರುಚಿದ್ದಾರೆ. ಬಿಚ್ಚಿ ಹೇಗೆಂದರೆ ಹಾಗೆ ಜೋಡಿಸಿದ ಕ್ಯೂಬ್ ಬಗೆಹರಿಯುವ ಸಾಧ್ಯತೆ ಹನ್ನೆರಡರಲ್ಲಿ ಒಂದು.

5. ಬಾಯಿಪಾಠ ಕೀಳೆಂದು ನಾನು ಹೇಳಲಾರೆ. ವೇಗದ ಸ್ಪರ್ಧಿಗಳು ಕೊನೆಯ ಪದರಕ್ಕೇ 78 ಸೂತ್ರ ಕಲಿಯುತ್ತಾರೆ, ಅವರಿಗದು ಬೇಕು. ಆದರೆ ಆ ಸೂತ್ರಗಳು ಇದೇ ಬಗೆಯ ಬೇರೆ ಒಗಟುಗಳಾದ ಪಿರಮಿಂಕ್ಸ್‌ಗಾಗಲಿ ಸ್ಕ್ಯೂಬ್‌ಗಾಗಲಿ ಇದ್ದ ಹಾಗೆಯೇ ಒದಗುವುದಿಲ್ಲ. ಎರಡನೆಯ ಪಾಠ ಎರಡಕ್ಕೂ ಒದಗುತ್ತದೆ.

6. ಎರ್ನೊ ರೂಬಿಕ್ 1974ರಲ್ಲಿ ಬುಡಾಪೆಸ್ಟ್‌ನಲ್ಲಿ ಕ್ಯೂಬ್ ಮಾಡಿದಾಗ ಸೂತ್ರ ಕೇಳಲು ಯಾರೂ ಇರಲಿಲ್ಲ. ತಾನೇ ಮಾಡಿದ್ದನ್ನು ಬಿಡಿಸಲು ಅವರಿಗೆ ಸುಮಾರು ಒಂದು ತಿಂಗಳು ಹಿಡಿಯಿತು. ನಿಮಗೂ ಅಷ್ಟು ಹಿಡಿದರೆ ಹಿಡಿಯಲಿ, ಯೂಟ್ಯೂಬ್ ಮಾತ್ರ ತೆರೆಯಬೇಡಿ.