ಬಾಯಿಪಾಠದ ಗೀತಗಳು

ಪಾಠಭಾಗ: ಧರ್ಮೋಪದೇಶಕಾಂಡ 31:19–22



ಮೋಶೆಯ ಮರಣವು ಸಮೀಪಿಸಿದಾಗ ದೇವರು ಅವನಿಗೆ ಒಂದು ಪದ್ಯದ ವಿಷಯವಾಗಿ ಎರಡು ಕೆಲಸಗಳನ್ನು ಒಪ್ಪಿಸಿದನು. ಅದನ್ನು ಬರೆಯಬೇಕು, ಬರೆದ ಮೇಲೆ ಇಸ್ರಾಯೇಲ್ಯರಿಗೆ ಕಲಿಸಿ ಅವರ ಬಾಯಲ್ಲಿ ಇರಿಸಬೇಕು. ಬರೆದದ್ದು ಸಾಕೆಂದು ದೇವರು ಹೇಳಲಿಲ್ಲ. 21ನೆಯ ವಚನವನ್ನು ಚೆನ್ನಾಗಿ ನೋಡಿರಿ: ಆ ಪದ್ಯವು ಮರೆಯದೆ ಉಳಿಯತಕ್ಕ ಸ್ಥಳವು ಅವರ ಸಂತತಿಯವರ ಬಾಯಿಯೇ.

ಇದನ್ನು ಈಗ ವಿಚಾರಿಸುವುದಕ್ಕೆ ಕಾರಣವುಂಟು. ನಮ್ಮ ಚಿತ್ತಾಪುರ, ವಾಡಿ, ಸೇಡಂ ಕಡೆಯ ಹಾಡುಗಾರರಲ್ಲಿ ಕೆಲವರು ಗೀತಪುಸ್ತಕವನ್ನು, ಕೆಲವರು ಕೈಬರಹದ ವಹಿಯನ್ನು, ಯೌವನಸ್ಥರು ಮೊಬೈಲನ್ನಾಗಲಿ ಟ್ಯಾಬ್ಲೆಟ್ಟನ್ನಾಗಲಿ ಹಿಡಿಯುತ್ತಾರೆ. ಗಾಜಿನ ಹಲಗೆಯು ದೇವಾರಾಧನೆಗೆ ತಕ್ಕದ್ದಲ್ಲವೆಂದು ಗದರಿಸುವ ಹಿರಿಯರೂ ಉಂಟು. ಅದು ನಮಗೆ ಸರಿದೋರುವುದಿಲ್ಲ. ಯೆಶಾಯ 30:8ರಲ್ಲಿ ಪ್ರವಾದಿಗೂ ಹಲಗೆಯ ಮೇಲೆ ಬರೆಯುವಂತೆ ಅಪ್ಪಣೆಯಾಯಿತಲ್ಲವೇ? ಕಣ್ಣು ಮಂದವಾದವರಿಗೆ ಟ್ಯಾಬ್ಲೆಟ್ಟಿನಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿಕೊಳ್ಳುವ ಅನುಕೂಲವಿದೆ. ಆದರೆ ಹಾರ್ಮೋನಿಯಮ್ ನುಡಿಸುವವನನ್ನು ಗಮನಿಸಿರಿ. ಅವನ ಒಂದು ಕೈ ಗಾಳಿಯೊತ್ತುತ್ತದೆ, ಇನ್ನೊಂದು ಮನೆಗಳ ಮೇಲಿರುತ್ತದೆ; ಪುಟ ತಿರುವುವುದಕ್ಕೆ ಮೂರನೆಯ ಕೈ ಇಲ್ಲ. ಚರಣದ ನಡುವೆ ಪರದೆ ಕಪ್ಪಾದರೆ ಸಭೆಯೆಲ್ಲಾ ಅವನೊಂದಿಗೆ ನಿಲ್ಲಬೇಕಾಗುತ್ತದೆ. ಬಯಲಿನಲ್ಲಿ ಹಾಳೆಯೂ ಗಾಳಿಗೆ ಹಾರುವುದರಿಂದ ಅದರ ಮೇಲೆ ಒಂದು ಕಲ್ಲಿನ ಚೂರನ್ನಿಡಬೇಕು.

ಬಾಯಿಪಾಠವು ನಮ್ಮ ಸೀಮೆಗೆ ಹೊಸದಲ್ಲ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು. ಅಲ್ಲಿ ಆಳಿದ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಹುಟ್ಟಿದ ಕವಿರಾಜಮಾರ್ಗವು ಕನ್ನಡ ನಾಡಿನ ಜನರು ಓದು ಕಲಿಯದಿದ್ದರೂ ಕವಿತೆಯಲ್ಲಿ ನಿಪುಣರೆಂದು ಹೊಗಳುತ್ತದೆ. ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳೂ ಮೊಹರಮ್ಮಿನ ರಿವಾಯತ್ ಪದಗಳೂ ಕಲಬುರಗಿ ಸೀಮೆಯಲ್ಲಿ ಬಾಯಿಂದ ಬಾಯಿಗೆ ಬಂದವು. ಏಕತಾರಿ ಹಿಡಿದವನು ಪುಸ್ತಕವನ್ನು ಎಲ್ಲಿ ಹಿಡಿದಾನು? ಬಾಸೆಲ್ ಮಿಶನ್ನಿನವರು 1841ರಲ್ಲಿಯೇ ಮಂಗಳೂರಿನಲ್ಲಿ ಮುದ್ರಾಲಯವನ್ನು ಸ್ಥಾಪಿಸಿದರೂ, 1948ರ ವರೆಗೆ ನಿಜಾಮರ ರಾಜ್ಯದಲ್ಲಿದ್ದ ನಮ್ಮ ಕಡೆ ಸರಕಾರದ ಭಾಷೆ ಉರ್ದು. ಹಳ್ಳಿಗಳಲ್ಲಿ ಕನ್ನಡ ಓದಬಲ್ಲವರು ವಿರಳ. ಅಂಥ ಸಭೆಗೆ ಒಂದೊಂದು ಸಾಲನ್ನು ಹೇಳಿಕೊಟ್ಟು ತಿರುಗಿ ಹೇಳಿಸುವುದಲ್ಲದೆ ಬೇರೆ ಮಾರ್ಗವಿರಲಿಲ್ಲ.

ಹಾಗಾದರೆ ಬರಹ ಬೇಡವೇ? ಬೇಕು. ಬಾಯಿಯಿಂದ ಬಾಯಿಗೆ ಹೋಗುವ ಮಾತು ಸವೆಯುತ್ತದೆ. ಒಂದು ಅಕ್ಷರ ಜಾರಿದರೆ ‘ಕೃಪೆ’ ‘ಕೋಪ’ವಾಗಬಹುದು, ಹಾಡುವವನಿಗೆ ಅದು ತಿಳಿಯದೆಯೂ ಇರಬಹುದು. ಬುದ್ಧಿಯಿಂದಲೂ ಹಾಡುವೆನೆಂದು ಪೌಲನು ಹೇಳಿದ್ದಾನೆ (1 ಕೊರಿಂಥ 14:15). ಆದಕಾರಣ ಕಲಿಸುವವನು ಪುಸ್ತಕವನ್ನು ನೋಡಿಯೇ ಕಲಿಸತಕ್ಕದ್ದು.

ನಮ್ಮ ಚಿಂತೆ ಬೇರೆ ಕಡೆಯಲ್ಲಿದೆ. ಪರದೆಯಲ್ಲಿ ನೂರಾರು ಗೀತಗಳು ಸುಲಭವಾಗಿ ದೊರೆಯುವುದರಿಂದ ವಾರವಾರಕ್ಕೂ ಹೊಸದನ್ನು ಹಾಡುವ ಆಶೆ ಹುಟ್ಟುತ್ತದೆ. ಆಗ ಮುಂದೆ ನಿಂತ ನಾಲ್ವರು ಹಾಡುತ್ತಾರೆ, ಹಿಂದೆ ಕೂತ ಓದು ಬಾರದ ತಾಯಂದಿರು ಸುಮ್ಮನಿರುತ್ತಾರೆ. ಆರಾಧನೆಯು ಅವರದ್ದಾಗದೆ ಹೋಗುತ್ತದೆ. ಇದು ಸಣ್ಣ ನಷ್ಟವೇ?

ಫಿಲಿಪ್ಪಿಯ ಒಳಗಣ ಸೆರೆಮನೆಯಲ್ಲಿ ಪೌಲ ಸೀಲರ ಕಾಲುಗಳಿಗೆ ಕೋಳ ಬಿದ್ದಿತ್ತು. ಮಧ್ಯರಾತ್ರಿಯಲ್ಲಿ ಅವರು ಸ್ತುತಿಪದಗಳನ್ನು ಹಾಡಿದರು; ಬೇರೆ ಸೆರೆಯವರು ಕೇಳುತ್ತಿದ್ದರು (ಅಪೊಸ್ತಲರ ಕೃತ್ಯಗಳು 16:25). ಸುರುಳಿಯನ್ನು ಬಿಚ್ಚಿ ಓದುವ ಹೊತ್ತು ಅದಲ್ಲ. ಎದೆಯಲ್ಲಿದ್ದದ್ದೇ ಬಾಯಿಗೆ ಬಂತು. ನಮಗೂ ಅಂಥ ರಾತ್ರಿಗಳು ಬರುತ್ತವೆ. ಕಣ್ಣು ಹೋದ ಮುದುಕರು, ಜ್ವರದಲ್ಲಿ ಬಿದ್ದವರು, ಸಮಾಧಿಯ ಬಳಿ ನಿಂತವರು ಪುಟ ಹುಡುಕುವ ಸ್ಥಿತಿಯಲ್ಲಿರುವುದಿಲ್ಲ. ಮನೆಯವರ ಹೆಸರನ್ನೇ ಮರೆತ ವೃದ್ಧರು ಬಾಲ್ಯದ ಹಾಡನ್ನು ಮಾತ್ರ ತಪ್ಪದೆ ಹಾಡುವುದುಂಟು. ಈಗಿನ ಮಕ್ಕಳಿಗೆ ಅಷ್ಟಾದರೂ ಉಳಿಯುವಂತೆ ನಾವು ಕೊಡುತ್ತಿದ್ದೇವೆಯೋ?

ಒಂದು ತಿಂಗಳಿಗೆ ಒಂದೇ ಹೊಸ ಗೀತವನ್ನು ಆರಿಸಿಕೊಳ್ಳುವುದು ಯುಕ್ತ. ಮೊದಲನೆಯ ಭಾನುವಾರ ಅದರ ಅರ್ಥವನ್ನು ತಿಳಿಸಿ ಸಾಲುಸಾಲಾಗಿ ಹೇಳಿಕೊಡಿರಿ. ಕಡೆಯ ಭಾನುವಾರ ಪುಸ್ತಕ, ಮೊಬೈಲು ಎರಡನ್ನೂ ಮುಚ್ಚಿ ಎಲ್ಲರೂ ಹಾಡಲಿ. ಟ್ಯಾಬ್ಲೆಟ್ಟು ಹಿಡಿದವರು ಆರಾಧನೆಗೆ ಮುಂಚೆ ಅದರ ಕರೆಗಳ ಸದ್ದನ್ನು ನಿಲ್ಲಿಸಿರಲಿ. ಕುಟುಂಬಪ್ರಾರ್ಥನೆಯಲ್ಲಿ ಒಂದು ದಿನ ದೀಪವನ್ನು ಆರಿಸಿ ಹಾಡಿ ನೋಡಿರಿ. ಎಲ್ಲಿ ನಿಂತುಹೋಗುತ್ತದೋ ಆ ಚರಣವನ್ನು ಮರುದಿನ ಬೆಳಿಗ್ಗೆ ಓದಬಲ್ಲ ಮಗುವಿನಿಂದ ಓದಿಸಿ ಸರಿಮಾಡಿಕೊಳ್ಳಿರಿ.