ಟೇಬಲ್ ಮೇಲಿನ ಲೋಕ ನಿಜ ಅನ್ನಿಸಬೇಕೆ? ಗೇಮ್ ಮಾಸ್ಟರ್‌ಗೆ ಒಂಬತ್ತು ಸೂತ್ರಗಳು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಡಿಸಲು ಹೊರಟಿದ್ದೀರಿ. ಕಾಲೇಜಿನ ಗೆಳೆಯರೋ ಆಫೀಸಿನ ಟೀಮೋ, ನಾಲ್ಕೈದು ಜನ ಟೇಬಲ್ ಸುತ್ತ ಕೂರುತ್ತಾರೆ. ಅವರದು ತಲಾ ಒಂದೊಂದು ಪಾತ್ರ, ಉಳಿದ ಇಡೀ ಲೋಕ ನಿಮ್ಮದು. ನಿಮ್ಮ ಟಾರ್ಗೆಟ್ ಸ್ಪಷ್ಟವಾಗಿರಲಿ: ಆಟಗಾರ ತನ್ನ ಪಾತ್ರದ ಕಣ್ಣಿನಿಂದಲೇ ನೋಡಬೇಕು, ಅದರ ತಲೆಯಿಂದಲೇ ಯೋಚಿಸಬೇಕು. ಗೇಮರ್‌ಗಳು ಇಮ್ಮರ್ಶನ್ ಅನ್ನುವುದು ಇದಕ್ಕೇ. ‘ನನ್ನ ಕೈಲಾಗುತ್ತಾ?’ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಇವತ್ತೇ ಬಿಡಿ. ಆಟ ಆಡಿಸುವುದು ಕಲಿತರೆ ಬರುವ ಸ್ಕಿಲ್.

1. ರಿಯಲಿಸಂ ಬೇರೆ, ಇಮ್ಮರ್ಶನ್ ಬೇರೆ ಎಂದು ತಿಳಿಯಿರಿ.

ತಾಳಮದ್ದಳೆ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಾಲು ಹೊದ್ದು ಕೂತ ಅರ್ಥಧಾರಿ ಬಾಯಿ ತೆರೆದರೆ ಸಭೆಗೆ ಕಾಣುವುದು ಕೌರವನೇ. ಭಾಗವತರ ಪದ್ಯ ಕಥೆಯ ದಾರಿ ಹಾಕಿಕೊಡುತ್ತದೆ, ಮಾತು ಅಲ್ಲೇ, ಆ ಕ್ಷಣದಲ್ಲೇ ಹುಟ್ಟುತ್ತದೆ. ನಿಮ್ಮ ನಿಯಮಪುಸ್ತಕವೂ ಆ ಪದ್ಯದ ಕೆಲಸ ಮಾಡಬೇಕು. ನಿಜಲೋಕದ ಲೆಕ್ಕಗಳನ್ನೆಲ್ಲ ಅದರೊಳಗೆ ತುರುಕಿದ ಮಾತ್ರಕ್ಕೆ ಯಾರೂ ಪಾತ್ರದೊಳಗೆ ಇಳಿಯುವುದಿಲ್ಲ.

2. ಪ್ರತಿ ನಿಯಮಕ್ಕೂ ಒಂದೇ ಪ್ರಶ್ನೆ ಹಾಕಿ: ಇದರಿಂದ ಆಟಗಾರನ ನಿರ್ಧಾರ ಬದಲಾಗುತ್ತದೆಯೇ?

ಬದಲಾದರೆ ಇಟ್ಟುಕೊಳ್ಳಿ. ಇಲ್ಲವಾದರೆ ಕಿತ್ತುಹಾಕಿ. 1978ರ ಅಡ್ವಾನ್ಸ್ಡ್ ಡಿ ಅಂಡ್ ಡಿ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಒಂದು ಕೋಷ್ಟಕವಿತ್ತು. ಯಾವ ಆಯುಧ ಯಾವ ಬಗೆಯ ಕವಚದ ಮೇಲೆ ಎಷ್ಟು ಪರಿಣಾಮಕಾರಿ ಎಂಬ ಲೆಕ್ಕ ಅದು. ಐಡಿಯಾ ವಾಸ್ತವವೇ. ಆದರೆ ಪ್ರತಿ ಏಟಿಗೂ ಕೂಡು-ಕಳೆ ಮಾಡುತ್ತ ಕೂರಬೇಕು, ಆಟಗಾರ ಮಾತ್ರ ಕೈಯಲ್ಲಿದ್ದ ಕತ್ತಿಯನ್ನೇ ಬೀಸುತ್ತಾನೆ. ಬಹಳಷ್ಟು ಟೇಬಲ್‌ಗಳು ಅದನ್ನು ಪಕ್ಕಕ್ಕಿಟ್ಟು ಆಡಿದವು.

ಈಗ ಪಂಜಿನ ನಿಯಮಕ್ಕೆ ಬನ್ನಿ. 2014ರ ಡಿ ಅಂಡ್ ಡಿಯಲ್ಲಿ ಪಂಜು ಒಂದು ಗಂಟೆ ಉರಿಯುತ್ತದೆ; 20 ಅಡಿ ಒಳ್ಳೆಯ ಬೆಳಕು, ಅದರಾಚೆ ಇನ್ನೂ 20 ಅಡಿ ಮಬ್ಬು ಬೆಳಕು. ಆ ಗಂಟೆ ಕಥೆಯೊಳಗಿನ ಗಂಟೆಯಾದ್ದರಿಂದ ಅದನ್ನು ಎಣಿಸುವವರು ಅಪರೂಪ. 2023ರಲ್ಲಿ ಬಂದ ಶ್ಯಾಡೋಡಾರ್ಕ್ ಎಂಬ ಆಟ ಇದನ್ನು ಬದಲಾಯಿಸಿತು: ಪಂಜು ಉರಿಯುವುದು ಗೋಡೆ ಗಡಿಯಾರದ ಒಂದು ಗಂಟೆ. ಟೈಮರ್ ಇಟ್ಟುಬಿಡಿ. ಗುಹೆಯೊಳಗೆ ನಿಂತು ‘ಎಡಕ್ಕೋ ಬಲಕ್ಕೋ’ ಎಂದು ವಾದ ಮಾಡುತ್ತಿದ್ದವರು ತಾವಾಗಿಯೇ ಅವಸರಿಸುತ್ತಾರೆ. ಪ್ರತಿ ಪಂಜೂ ಸರಿಯಾಗಿ ಒಂದೇ ಗಂಟೆ ಉರಿದು ಆರುವುದು ವಾಸ್ತವವೇನೂ ಅಲ್ಲ. ಆದರೂ ಕತ್ತಲಿನ ಭಯ ಪಾತ್ರಕ್ಕೂ ಆಟಗಾರನಿಗೂ ಒಟ್ಟಿಗೇ ತಟ್ಟುತ್ತದೆ. ನಿಮಗೆ ಬೇಕಾದ ನಿಯಮ ಇಂಥದ್ದು. ನನ್ನ ಮಟ್ಟಿಗೆ ಇತ್ತೀಚಿನ ವರ್ಷಗಳ ಅತ್ಯುತ್ತಮ ನಿಯಮ ಇದೇ.

3. ಹಿಂದಿನವರ ಹೋಂವರ್ಕ್ ಓದಿ.

ನಿಮ್ಮ ತಲೆನೋವಿಗೆ ಯಾರೋ ಆಗಲೇ ಮದ್ದು ಹುಡುಕಿರುತ್ತಾರೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಿ ಅಂಡ್ ಡಿ ತಂದರು. ಅದರ ಬೇರು 1971ರ ಚೈನ್‌ಮೇಲ್ ಎಂಬ ಯುದ್ಧದಾಟದಲ್ಲಿತ್ತು. ಡಿ ಅಂಡ್ ಡಿಯ ಹಿಟ್ ಪಾಯಿಂಟ್ (ಪಾತ್ರ ಎಷ್ಟು ಪೆಟ್ಟು ತಾಳಬಲ್ಲದು ಎಂಬ ಅಂಕಿ) ಪದ್ಧತಿಯಲ್ಲಿ ವೀರನೊಬ್ಬ ಎಷ್ಟೇ ಏಟು ತಿಂದರೂ ಸೊನ್ನೆ ಮುಟ್ಟುವವರೆಗೆ ಅದೇ ಬಿರುಸಿನಲ್ಲಿ ಹೋರಾಡುತ್ತಾನೆ. ಇದು ಹಲವರಿಗೆ ಒಪ್ಪಿಗೆಯಾಗಲಿಲ್ಲ. ಹಿಟ್ ಪಾಯಿಂಟ್ ಎಂದರೆ ಬರೀ ರಕ್ತಮಾಂಸವಲ್ಲ, ಚಳಕ ಮತ್ತು ಅದೃಷ್ಟವೂ ಅದರಲ್ಲಿ ಸೇರಿದೆ ಎಂದು ಗೈಗ್ಯಾಕ್ಸ್ 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ವಿವರಿಸಿದರು.

ಅಷ್ಟರಲ್ಲೇ, 1978ರಲ್ಲಿ, ರೂನ್‌ಕ್ವೆಸ್ಟ್ ಎಂಬ ಆಟ ಬಂದಿತ್ತು. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಸ್ಟೀವ್ ಪೆರಿನ್ 1966ರಲ್ಲಿ ಬರ್ಕ್ಲಿಯಲ್ಲಿ ಶುರುವಾದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಜೊತೆ ಆರಂಭದಿಂದಲೂ ಇದ್ದವರು. ಬೆತ್ತದ ಕತ್ತಿ ಹಿಡಿದು ಮಧ್ಯಯುಗದ ಕಾಳಗ ಆಡುವ ಕೂಟ ಅದು. ಆ ಅನುಭವ ನಿಯಮಗಳಲ್ಲಿ ಕಾಣುತ್ತದೆ. ತಲೆ, ಕೈ, ಕಾಲಿಗೆ ಬೇರೆ ಬೇರೆ ಹಿಟ್ ಪಾಯಿಂಟ್. ಕವಚ ಏಟನ್ನು ತಪ್ಪಿಸುವುದಿಲ್ಲ, ಹೀರಿಕೊಳ್ಳುತ್ತದೆ. ಯಾವ ಸ್ಕಿಲ್ ಬಳಸಿದಿರೋ ಅದೇ ಬೆಳೆಯುತ್ತದೆ. ಕಾಲಿಗೆ ಪೆಟ್ಟು ಬಿದ್ದು ಗೆಳೆಯ ಕುಸಿದರೆ ಹೊತ್ತೊಯ್ಯುವುದೋ ಬಿಟ್ಟು ಓಡುವುದೋ? ಎರಡನೇ ಸೂತ್ರದ ಪರೀಕ್ಷೆಯಲ್ಲಿ ಇದು ಫಸ್ಟ್ ಕ್ಲಾಸ್ ಪಾಸ್.

ಆಮೇಲೆ ಗಾಯದ ವಿವರ ಪಟ್ಟಿಗಳ ರೋಲ್‌ಮಾಸ್ಟರ್ 1980ರಲ್ಲಿ ಶುರುವಾಯಿತು, ಹಿಟ್ ಪಾಯಿಂಟನ್ನೇ ಕೈಬಿಟ್ಟು ಒಂದೊಂದು ಗಾಯವನ್ನೂ ಬರೆದಿಡುವ ಹಾರ್ನ್‌ಮಾಸ್ಟರ್ 1986ರಲ್ಲಿ ಬಂತು. ಇವುಗಳಲ್ಲಿ ಒಂದನ್ನಾದರೂ ಪೂರ್ತಿ ಓದಿ.

4. ‘ಡ್ರ್ಯಾಗನ್ನೇ ಇದೆಯಂತೆ, ರಿಯಲಿಸಂ ಯಾಕೆ?’ ಎಂಬ ವಾದಕ್ಕೆ ಬಗ್ಗಬೇಡಿ.

ಲೋಕ ಎಷ್ಟು ವಿಚಿತ್ರವಾದರೂ ಸರಿ, ತನ್ನ ನಿಯಮಕ್ಕೆ ತಾನು ಬದ್ಧವಾಗಿರಬೇಕು. ಡಿ ಅಂಡ್ ಡಿಯಲ್ಲಿ ಬಿದ್ದರೆ ಪ್ರತಿ 10 ಅಡಿಗೆ ಒಂದು ಆರುಮುಖದ ಡೈಸ್ ಪೆಟ್ಟು, ಗರಿಷ್ಠ 20 ಡೈಸ್. ಸರಾಸರಿ 70, ಅತಿ ಹೆಚ್ಚೆಂದರೆ 120. ಅದಕ್ಕಿಂತ ಹೆಚ್ಚು ಹಿಟ್ ಪಾಯಿಂಟ್ ಇರುವ ಯೋಧ ಎಂಥ ಬಂಡೆಯ ತುದಿಯಿಂದಲೂ ಲೆಕ್ಕ ಹಾಕಿ ಧುಮುಕುತ್ತಾನೆ. ಅಲ್ಲಿಗೆ ಪಾತ್ರ ಮಾಯ, ಉಳಿದದ್ದು ಕ್ಯಾಲ್ಕುಲೇಟರ್. ಎರಡರಲ್ಲಿ ಒಂದನ್ನು ಮೊದಲೇ ತೀರ್ಮಾನಿಸಿ. ಈ ಲೋಕದ ವೀರರು ನಿಜಕ್ಕೂ ಹೀಗೆಯೇ, ಊರ ಜನ ಅವರನ್ನು ಕಂಡರೆ ನಡುಗುತ್ತಾರೆ. ಅಥವಾ ಇಂತಿಷ್ಟು ಎತ್ತರದಿಂದ ಬಿದ್ದವನು ಸತ್ತ. ಎರಡೂ ಸರಿ, ನಡುವೆ ತೂಗಾಡುವುದು ಮಾತ್ರ ತಪ್ಪು.

5. ಹೊರೆಯ ಲೆಕ್ಕ ಸರಳ ಮಾಡಿ.

2014ರ ನಿಯಮದಂತೆ ಸ್ಟ್ರೆಂತ್ ಅಂಕಿಯ 15 ಪಟ್ಟು ಪೌಂಡ್ ಹೊರಬಹುದು. ಸಾಧಾರಣ ಶಕ್ತಿಯ, ಅಂದರೆ ಸ್ಟ್ರೆಂತ್ 10ರ ಮನುಷ್ಯನಿಗೂ 150 ಪೌಂಡ್, ಸುಮಾರು 68 ಕಿಲೋ! ಮಿತಿ ಯಾರಿಗೂ ತಾಗುವುದಿಲ್ಲ, ಹಾಗಾಗಿ ಯಾರೂ ಲೆಕ್ಕ ಇಡುವುದಿಲ್ಲ. ಶ್ಯಾಡೋಡಾರ್ಕ್‌ನಂತೆ ಸಾಮಾನು ಇಡಲು ಸ್ಲಾಟ್ ಕೊಡಿ: ಸ್ಟ್ರೆಂತ್ ಎಷ್ಟೋ ಅಷ್ಟು, ಕನಿಷ್ಠ 10. ಹಗ್ಗ ಬೇಕೋ ಚಿನ್ನ ಬೇಕೋ ಎಂದು ಆಟಗಾರನೇ ತಲೆ ಕೆರೆದುಕೊಳ್ಳಲಿ.

6. ಕಾಲದ ಅಳತೆಯನ್ನು ಕ್ಯಾಂಪೇನ್ (ಹಲವು ಕೂಟಗಳಲ್ಲಿ ಸಾಗುವ ಕಥೆ) ಶುರುವಾಗುವ ಮುನ್ನ ಘೋಷಿಸಿ.

ಯುದ್ಧದ ಒಂದು ರೌಂಡ್ ಅಡ್ವಾನ್ಸ್ಡ್ ಡಿ ಅಂಡ್ ಡಿಯಲ್ಲಿ ಒಂದು ನಿಮಿಷ, 2014ರ ಆವೃತ್ತಿಯಲ್ಲಿ 6 ಸೆಕೆಂಡ್. ಗರ್ಪ್ಸ್ ಎಂಬ ಆಟದಲ್ಲಿ ಒಂದು ಸರದಿ ಎಂದರೆ ಬರೇ ಒಂದು ಸೆಕೆಂಡ್. ಅಳತೆ ಕಿರಿದಾದಷ್ಟೂ ಪ್ರತಿ ಹೆಜ್ಜೆ ಎಣಿಕೆಗೆ ಬರುತ್ತದೆ, ಆಟ ನಿಧಾನವಾಗುತ್ತದೆ. ವಿಶ್ರಾಂತಿಗೂ ಇದೇ ಮಾತು. 8 ಗಂಟೆಯ ದೀರ್ಘ ವಿಶ್ರಾಂತಿ ಪಡೆದರೆ ಎಲ್ಲ ಹಿಟ್ ಪಾಯಿಂಟ್ ವಾಪಸ್ ಬರುವುದು ಮಾಮೂಲಿ ನಿಯಮ. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ ಇದಕ್ಕೆ ಬದಲಿ ಇದೆ: ಕಿರು ವಿಶ್ರಾಂತಿಗೆ 8 ಗಂಟೆ, ದೀರ್ಘ ವಿಶ್ರಾಂತಿಗೆ 7 ದಿನ. ಗಾಯಕ್ಕೆ ಬೆಲೆ ಬರಬೇಕೆಂದರೆ ಇದನ್ನು ತನ್ನಿ. ನಡುವೆ ತಂದರೆ ಜಗಳ ಖಚಿತ, ಮೊದಲೇ ಹೇಳಿ ಒಪ್ಪಿಸಿ.

7. ಮೊದಲು ದೃಶ್ಯ ಹೇಳಿ, ಆಮೇಲೆ ಅಂಕಿ.

“ಗುರಾಣಿ ಸೀಳಿತು, ಮೊಣಕೈ ಮರಗಟ್ಟಿತು. ಏಳು ಕಳೆಯಿರಿ.” ಇಷ್ಟು ಸಾಕು. ನಿಯಮ ನೆನಪಾಗದಿದ್ದರೆ ಪುಟ ತಿರುವುತ್ತ ಕೂರಬೇಡಿ. ತೀರ್ಪು ಕೊಡಿ, ಬರೆದಿಡಿ, ಮುಂದಿನ ಸಲವೂ ಅದನ್ನೇ ಪಾಲಿಸಿ.

8. ಮನಸ್ಸಿಗೂ ನಿಯಮ ಕೊಡಿ.

ರಿಯಲಿಸಂ ಅಂದ ತಕ್ಷಣ ಎಲ್ಲರೂ ಕತ್ತಿ-ಕವಚದ ಕಡೆ ಓಡುತ್ತಾರೆ. ಗ್ರೆಗ್ ಸ್ಟಾಫರ್ಡ್ 1985ರ ಪೆಂಡ್ರ್ಯಾಗನ್‌ನಲ್ಲಿ ಬೇರೆ ದಾರಿ ಹಿಡಿದರು. ಆರ್ಥರ್ ರಾಜನ ಕಾಲದ ನೈಟ್‌ಗಳ ಆಟ ಅದು. ಕರುಣೆ-ಕ್ರೌರ್ಯದಂಥ ಗುಣಗಳು ಜೋಡಿಯಾಗಿರುತ್ತವೆ, ಜೋಡಿಯ ಮೊತ್ತ 20. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಪ್ರೀತಿ, ದ್ವೇಷ, ನಿಷ್ಠೆಗೂ ಅಂಕಿಯುಂಟು. ಒಮ್ಮೊಮ್ಮೆ ಡೈಸ್ ಬಿದ್ದು ಆ ಭಾವವೇ ನೈಟ್‌ನನ್ನು ಎಳೆದೊಯ್ಯುತ್ತದೆ. ವರ್ಷಕ್ಕೊಂದು ಸಾಹಸ, ಆಮೇಲೆ ಚಳಿಗಾಲದ ಲೆಕ್ಕಾಚಾರ: ಜಮೀನಿನ ಸ್ಥಿತಿ, ಮದುವೆ, ಮಕ್ಕಳು, ಏರುವ ವಯಸ್ಸು. ಅಪ್ಪನ ನಂತರ ಮಗನ ಪಾತ್ರವನ್ನು ಅದೇ ಆಟಗಾರ ಆಡುತ್ತಾನೆ. ಗಾಯದ ಯಾವ ಪಟ್ಟಿಯೂ ಕೊಡದ ಸತ್ಯವನ್ನು ಇದು ಕೊಡುತ್ತದೆ. ನಿಮ್ಮ ಆಟ ಯಾವುದೇ ಇರಲಿ, ಪ್ರತಿ ಪಾತ್ರಕ್ಕೂ ಒಂದು ಪ್ರೀತಿ, ಒಂದು ಹಗೆ ಬರೆಸಿ, ಅಂಕಿ ಕೊಡಿಸಿ.

9. ಕನ್ನಡದಲ್ಲಿ ಆಡಿಸಿ, ಕನ್ನಡದಲ್ಲಿ ಬರೆಯಿರಿ.

ಇಂಗ್ಲಿಷ್ ಆ್ಯಕ್ಸೆಂಟ್ ಹುಡುಕುತ್ತ ಕೂತ ಆಟಗಾರ ಪಾತ್ರದಿಂದ ಹೊರಗೇ ಉಳಿಯುತ್ತಾನೆ. ನಿಯಮದ ಪದಗಳು ಇಂಗ್ಲಿಷ್‌ನಲ್ಲೇ ಇರಲಿ, ಸೆಣಸಾಟ, ಬೈಗುಳ, ಚೌಕಾಸಿ ಎಲ್ಲ ಮನೆಮಾತಿನಲ್ಲಿ ಬರಲಿ. ಇನ್ನೂ ಮುಂದೆ ಹೋಗುವ ಆಸೆಯೇ? ದಾರಿ ತೆರೆದಿದೆ. ಡಿ ಅಂಡ್ ಡಿ ಪ್ರಕಟಿಸುವ ವಿಝರ್ಡ್ಸ್ ಆಫ್ ದ ಕೋಸ್ಟ್ 2023ರ ಜನವರಿಯಲ್ಲಿ ಆಟದ ಮೂಲ ನಿಯಮಗಳ ದಾಖಲೆಯಾದ ಎಸ್‌ಆರ್‌ಡಿ 5.1 ಅನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಿಡುಗಡೆ ಮಾಡಿತು. ಮೂಲವನ್ನು ಸರಿಯಾಗಿ ಉಲ್ಲೇಖಿಸಿದರೆ ನೀವು ಅದನ್ನು ಕನ್ನಡಕ್ಕೆ ತರಬಹುದು, ತಿದ್ದಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರಿನ ಹಕ್ಕು ಮಾತ್ರ ಅದರಲ್ಲಿ ಸೇರಿಲ್ಲ. ಒಂದು ಹಳ್ಳಿ, ಒಂದು ಗುಹೆ, ಎರಡು ಪುಟ ನಿಯಮದಿಂದ ಆರಂಭಿಸಿ. ಆಡಿಸಿ ನೋಡಿ. ಯಾವ ನಿಯಮಕ್ಕಾಗಿ ಆಟ ನಿಂತಿತೋ ಅದನ್ನು ಅಂದು ರಾತ್ರಿಯೇ ತಿದ್ದಿ.